ಕಿವಿಗೆ ಬಂದ ಮೂರು ಪುಸ್ತಕಗಳು

ಓದುವುದಕ್ಕಿಂತ ಕೇಳುವುದು ಹಳೆಯ ವಿದ್ಯೆ. ಅಕ್ಷರವನ್ನೇ ಅರಿಯದ ಅಜ್ಜಿಯಂದಿರು ರಾಮಾಯಣ ಭಾರತಗಳ ಸಂದುಗೊಂದುಗಳನ್ನೆಲ್ಲ ಬಲ್ಲವರಾಗಿದ್ದುದು ಕಿವಿಯ ಬಲದಿಂದಲೇ. ಗಮಕಿಯ ರಾಗ, ಹರಿದಾಸರ ಚಿಟಿಕೆ, ತಾಳಮದ್ದಳೆಯ ಅರ್ಥಧಾರಿಯ ವಾಗ್ವಾದ, ಇವೆಲ್ಲ ಕನ್ನಡ ನಾಡಿನ ಕೇಳುವ ಪುಸ್ತಕಗಳೇ. ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಳೆ ಕೇಳಿ ಬೆಳೆದ ಉತ್ತರ ಕನ್ನಡದವನಿಗೆ ಕೃಷ್ಣಸಂಧಾನದ ಕೌರವನ ಪಕ್ಷವೂ ಒಂದು ಗಳಿಗೆ ನ್ಯಾಯವೆಂದೇ ತೋರುವುದುಂಟು. ಕೃಷ್ಣನು ಮಾತೆತ್ತಿದೊಡನೆ ಆ ನ್ಯಾಯ ಮಂಜಿನಂತೆ ಕರಗುವುದೂ ಉಂಟು. ಅಲ್ಲಿ ಒಬ್ಬನ ಮಾತಿಗೆ ಇನ್ನೊಬ್ಬನ ಮಾತು ತಡೆ. ಎದುರು ಅರ್ಥಧಾರಿ ಇಲ್ಲದ ತಾಳಮದ್ದಳೆಯನ್ನು ಯಾರೂ ಕೇಳಿದ್ದಿಲ್ಲ.

ಈಗ ಅಂಥದೊಂದು ಬಂದಿದೆ. ಕಿಸೆಯಲ್ಲಿಟ್ಟುಕೊಂಡ ಫೋನಿನಿಂದ ನೇರವಾಗಿ ಕಿವಿಯೊಳಕ್ಕೆ ಇಳಿಯುವ ಪುಸ್ತಕಕ್ಕೆ ಎದುರಾಳಿಯಿಲ್ಲ. ಅದು ತನ್ನ ಪಾಡಿಗೆ ತಾನು ಮಾತನಾಡುತ್ತ ಹೋಗುತ್ತದೆ. ಇದರ ಸುಖವೆಷ್ಟು, ಅಪಾಯವೆಷ್ಟು ಎಂಬುದನ್ನು ತಮ್ಮ ದೇಹದಿಂದಲೇ ಅಳೆದು ತಿಳಿದವರು ಕಾರವಾರದ ಕೋಡಿಬಾಗದ ನಿವೃತ್ತ ಮಾಸ್ತರರೊಬ್ಬರು.

ಕಾಳಿ ನದಿ ಸಮುದ್ರವನ್ನು ಸೇರುವ ಅಳಿವೆಗೆ ಅನತಿದೂರದಲ್ಲಿ ಅವರ ಮನೆ. ಜಗಲಿಯಲ್ಲಿ ಕುಳಿತರೆ ತೆಂಗಿನ ಮರಗಳ ನಡುವಿನಿಂದ ನದಿಯ ಹೊಳಪು, ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ಮೂರು ದಶಕಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ಇಂಗ್ಲಿಷನ್ನೂ ಕನ್ನಡವನ್ನೂ ಕಲಿಸಿದ ಮಾಸ್ತರರಿಗೆ ಓದೇ ಉಸಿರು. ಆ ಉಸಿರಿಗೆ ಕುತ್ತು ಬಂದುದು ಎಪ್ಪತ್ತು ದಾಟಿದ ಮೇಲೆ. ಕಣ್ಣಿನ ಪೊರೆಯನ್ನು ಶಸ್ತ್ರಕ್ರಿಯೆಯಿಂದ ತೆಗೆಸಿಕೊಂಡುದಾಯಿತು. ಆದರೆ ಅಕ್ಷಿಪಟಲದ ನಡುಭಾಗವೇ ಸವೆಯತೊಡಗಿತ್ತು. ಎದುರಿಗೆ ಬಂದವನ ಹೆಗಲು ಕಾಣುತ್ತದೆ, ಮುಖ ಕಾಣದು. ಪುಟದ ಅಂಚು ಕಾಣುತ್ತದೆ, ಅಕ್ಷರ ಕಾಣದು. ಪುಸ್ತಕದ ಕಪಾಟಿನ ಮುಂದೆ ನಿಂತು, ಬೆನ್ನುಗಳನ್ನು ಬೆರಳಿನಿಂದ ಸವರಿ, ಇದು ಇಂಥ ಪುಸ್ತಕವೆಂದು ದಪ್ಪದಿಂದಲೇ ಗುರುತಿಸಿ ಮರಳಿ ಇಡುವುದಷ್ಟೇ ಅವರಿಗೆ ಉಳಿದ ಓದಾಗಿತ್ತು.

ಪುಣೆಯಲ್ಲಿ ಕಲಿಯುತ್ತಿರುವ ಮೊಮ್ಮಗಳು ರಜೆಗೆ ಬಂದಾಗ ಇದನ್ನು ಕಂಡಳು. ಅಜ್ಜನ ಫೋನಿನಲ್ಲಿ ಕೇಳುಪುಸ್ತಕಗಳ ವ್ಯವಸ್ಥೆ ಮಾಡಿ, ಯಾವ ಗುಂಡಿಯನ್ನು ಎಷ್ಟು ಸಲ ಒತ್ತಬೇಕೆಂಬುದನ್ನು ಕಲಿಸಿಕೊಟ್ಟು ಹೋದಳು.

ಕೇಳುಪುಸ್ತಕ ಮೊದಲು ಹುಟ್ಟಿದುದೇ ಇಂಥವರಿಗಾಗಿ ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. ಅಮೆರಿಕೆಯಲ್ಲಿ ೧೯೩೪ರಲ್ಲಿಯೂ ಇಂಗ್ಲೆಂಡಿನಲ್ಲಿ ೧೯೩೫ರಲ್ಲಿಯೂ 'ಮಾತನಾಡುವ ಪುಸ್ತಕ'ಗಳು ಗ್ರಾಮಫೋನ್ ತಟ್ಟೆಗಳ ಮೇಲೆ ಅಂಧರ ಮನೆಗಳನ್ನು ತಲುಪಿದುವು. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರ ಕೊರಗು ಆ ಪ್ರಯತ್ನಕ್ಕೆ ಪ್ರೇರಣೆಗಳಲ್ಲೊಂದು. ತಟ್ಟೆಯ ಒಂದು ಬದಿಗೆ ಸುಮಾರು ೨೫ ನಿಮಿಷದ ಓದು; ಒಂದು ಕಾದಂಬರಿಗೆ ಹತ್ತರಷ್ಟು ತಟ್ಟೆಗಳು. ಇಂಗ್ಲೆಂಡಿನಲ್ಲಿ ಮೊದಲು ಹೊರಬಂದವುಗಳಲ್ಲಿ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿಯೊಂದೂ ಜೋಸೆಫ್ ಕಾನ್ರಾಡನ ಸಮುದ್ರದ ಕಥೆಯೊಂದೂ ಇದ್ದುವು. ಬಂಡಿಯಲ್ಲಿ ಹೇರಿ ತರಬೇಕಾಗಿದ್ದ ಆ ಭಾರವೆಲ್ಲ ಈಗ ಅಂಗೈಯೊಳಗೆ ಅಡಗಿದೆ. ಕಣ್ಣಿದ್ದವರೂ ಅದನ್ನು ಕೇಳುತ್ತಿದ್ದಾರೆ. ಕೇಳುವವರ ಸಂಖ್ಯೆ ಬೆಳೆದಂತೆ ವ್ಯಾಪಾರವೂ ಬೆಳೆದಿದೆ.

ಮಾಸ್ತರರಿಗೆ ಕಥೆ ಕಾದಂಬರಿಗಳು ಬೇಡವಾದುವು. ಅವುಗಳನ್ನು ಕಣ್ಣಾರೆ ಓದಿದ ನೆನಪೇ ಸಾಕು ಎಂಬುದು ಅವರ ವಾದ. ವಿಷಯವುಳ್ಳ ಪುಸ್ತಕ ಬೇಕೆಂದರು. ಹಾಗೆ ಒಂದರ ಹಿಂದೊಂದಾಗಿ ಅವರ ಕಿವಿಗೆ ಬಂದವು ಮೂರು ಬಗೆಯ ಪುಸ್ತಕಗಳು: ಆರೋಗ್ಯದ್ದು, ಮನವೊಲಿಕೆಯದು, ಬೇಟೆಯದು. ಈ ಮೂರಕ್ಕೂ ಸಂಬಂಧವಿಲ್ಲವೆಂದು ಯಾರಾದರೂ ಹೇಳಿಯಾರು. ಮಾಸ್ತರರ ಅನುಭವದಲ್ಲಿ ಇವು ಒಂದೇ ಪಾಠದ ಮೂರು ಅಧ್ಯಾಯಗಳಾದುವು.

*

ಮೊದಲನೆಯದು ಆರೋಗ್ಯದ ಪುಸ್ತಕ. ಅದರ ಹೆಸರು ಇಲ್ಲಿ ಬೇಡ, ಅಂಥವು ನೂರಾರಿವೆ. ಓದಿದವನ ಕಂಠ ಬಹಳ ಮಧುರವಾಗಿತ್ತು. ಅವಸರವಿಲ್ಲ, ಗದರಿಕೆಯಿಲ್ಲ; ಹಾಸಿಗೆಯ ಪಕ್ಕದಲ್ಲಿ ಕುಳಿತು ತಲೆ ನೇವರಿಸುವ ಅಣ್ಣನಂತಹ ಧ್ವನಿ. ಉಪ್ಪು ಕಡಿಮೆ ಮಾಡಿರಿ, ದಿನವೂ ನಡೆಯಿರಿ, ಹೊತ್ತಿಗೆ ಸರಿಯಾಗಿ ನಿದ್ರಿಸಿರಿ ಎಂದಿತು ಆ ಧ್ವನಿ. ಎಲ್ಲವೂ ಸತ್ಯ. ದಿನಕ್ಕೆ ೫ ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚೆಯೊಳಗೇ ಉಪ್ಪು ಮುಗಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಒಣಮೀನು, ಉಪ್ಪಿನಕಾಯಿ, ಹಪ್ಪಳಗಳ ಕರಾವಳಿಗೆ ಇದು ಕೇಳಬೇಕಾದ ಮಾತೇ ಸರಿ. ಮಾಸ್ತರರು ತಲೆದೂಗಿದರು. ನಾಲ್ಕು ಸತ್ಯಗಳಿಗೆ ತಲೆದೂಗಿದವರು ಐದನೆಯ ಮಾತಿಗೂ ತಲೆದೂಗಿದರು. ಆ ಐದನೆಯ ಮಾತು ಇದು: ಹೀಗೆ ಬಾಳುವವನಿಗೆ ರಕ್ತದ ಒತ್ತಡದ ಗುಳಿಗೆಗಳು ಬೇಕಾಗಿಯೇ ಇಲ್ಲ, ಅವು ದೇಹಕ್ಕೆ ಭಾರ.

ಅಚ್ಚಿನಲ್ಲಿ ಈ ವಾಕ್ಯವನ್ನು ಕಂಡಿದ್ದರೆ ಅವರು ಪೆನ್ಸಿಲ್ ಎತ್ತಿಕೊಂಡು ಬದಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದರು. ಅದು ಅವರ ಜೀವಮಾನದ ರೂಢಿ. ಕಿವಿಗೆ ಅಂಚೂ ಇಲ್ಲ, ಪೆನ್ಸಿಲೂ ಇಲ್ಲ. ಅವರು ಸಂದೇಹಪಡಬೇಕೆಂದುಕೊಳ್ಳುವಷ್ಟರಲ್ಲಿ ಧ್ವನಿ ಮುಂದಿನ ಪ್ರಕರಣಕ್ಕೆ ಹೋಗಿತ್ತು.

ಪತ್ನಿಗೆ ಹೇಳದೆ ಗುಳಿಗೆ ನಿಲ್ಲಿಸಿದರು. ಒಂದು ವಾರ ಏನೂ ಆಗಲಿಲ್ಲ. ಮೈ ಹಗುರವಾದಂತೆಯೇ ತೋರಿತು. ಎರಡನೆಯ ವಾರದ ನಡುವೆ ಒಂದು ಬೆಳಿಗ್ಗೆ ಬಾವಿಕಟ್ಟೆಯ ಬಳಿ ತಲೆ ತಿರುಗಿ ಕಟ್ಟೆಯನ್ನು ಹಿಡಿದು ಕುಳಿತರು. ಬಿದ್ದುದು ಕಟ್ಟೆಯ ಹೊರಗಡೆಗೆ ಎಂಬುದೊಂದೇ ಪುಣ್ಯ. ಡಾಕ್ಟರರ ಬಳಿ ಹೋದಾಗ ಒತ್ತಡ ೧೯೦ ಮೀರಿತ್ತು. ಕಾರಣ ತಿಳಿದ ಮೇಲೆ ಮಾಸ್ತರರ ಪತ್ನಿ ಕೂಗಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಅಷ್ಟು ಚೆನ್ನಾಗಿ ಮಾತನಾಡುವ ನಿಮ್ಮ ಪುಸ್ತಕಕ್ಕೆ ನಿಮ್ಮ ನಾಡಿ ಹಿಡಿದು ನೋಡಲು ಬರುತ್ತದೆಯೇ?"

ಡಾಕ್ಟರರು ಅವರ ಹಳೆಯ ವಿದ್ಯಾರ್ಥಿ. ಗುರುಗಳನ್ನು ಬೈಯುವಂತಿಲ್ಲ, ಆದುದರಿಂದ ಒಂದು ಉದಾಹರಣೆ ಕೊಟ್ಟರು. ಕೋಡಿಬಾಗವನ್ನೂ ಸದಾಶಿವಗಡವನ್ನೂ ಜೋಡಿಸಿದ್ದ ಕಾಳಿಯ ಹಳೆಯ ಸೇತುವೆ ೨೦೨೪ರ ಆಗಸ್ಟ್ ೭ರ ನಡುರಾತ್ರಿ ಕಳೆದ ಮೇಲೆ ಕುಸಿಯಿತು. ಅದರ ಮೇಲಿದ್ದ ಒಂದು ಲಾರಿ ನದಿಗೆ ಬಿದ್ದಿತು; ಚಾಲಕನನ್ನು ಮೀನುಗಾರರೂ ಪೋಲೀಸರೂ ಕೂಡಿ ಬದುಕಿಸಿದರು. ನಾಲ್ಕು ದಶಕ ಲಕ್ಷಗಟ್ಟಲೆ ವಾಹನಗಳನ್ನು ಹೊತ್ತ ಸೇತುವೆಯದು. ಹಿಂದಿನ ಸಂಜೆ ಅದರ ಮೇಲೆ ನಡೆದುಹೋದವರಿಗೆ ಅದರ ಒಳಗಿನ ಸವೆತ ಕಾಣಿಸಿತ್ತೇ? "ಸರ್, ರಕ್ತದ ಒತ್ತಡವೂ ಹಾಗೆಯೇ. ನೋಯುವುದಿಲ್ಲ. ಮೈ ಹಗುರವಾಯಿತೆಂಬುದು ಒಳಗೆ ಎಲ್ಲವೂ ಸರಿಯಾಗಿದೆಯೆಂಬುದಕ್ಕೆ ಸಾಕ್ಷಿಯಲ್ಲ. ಅಳೆದು ನೋಡಬೇಕು."

ಈ ಮಾತಿನ ಹಿಂದೆ ದೊಡ್ಡ ಚರಿತ್ರೆಯಿದೆ. ಅಮೆರಿಕೆಯ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ೧೯೪೫ರ ಏಪ್ರಿಲ್ ೧೨ರಂದು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವರ ಒತ್ತಡ ೩೦೦/೧೯೦ಕ್ಕೆ ಏರಿತ್ತು. ಅಂದು ಅದನ್ನು ಇಳಿಸಬಲ್ಲ ಒಳ್ಳೆಯ ಔಷಧ ವೈದ್ಯರ ಕೈಯಲ್ಲಿರಲಿಲ್ಲ. ವಯಸ್ಸಾದಂತೆ ಒತ್ತಡ ಏರುವುದು ಸಹಜವೆಂದೇ ಅನೇಕ ವೈದ್ಯರು ನಂಬಿದ್ದ ಕಾಲವದು. ೧೯೪೮ರಲ್ಲಿ ಆ ದೇಶದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ೫,೨೦೯ ಜನರನ್ನು ಆರಿಸಿ, ಅವರನ್ನು ವರ್ಷಗಟ್ಟಲೆ ಬಿಡದೆ ಪರೀಕ್ಷಿಸುತ್ತ ಹೋದ ಮೇಲೆಯೇ ಒತ್ತಡಕ್ಕೂ ಹೃದಯದ ಬೇನೆಗೂ ಇರುವ ನಂಟು ನಿಚ್ಚಳವಾದುದು. ೩೦ರಿಂದ ೭೯ ವರ್ಷದೊಳಗಿನ ಸುಮಾರು ೧೨೮ ಕೋಟಿ ಜನರಿಗೆ ಈ ತೊಂದರೆ ಇದೆಯೆಂದೂ ಅವರಲ್ಲಿ ನೂರಕ್ಕೆ ೪೬ ಮಂದಿಗೆ ಅದರ ಅರಿವೇ ಇಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ೨೦೨೧ರಲ್ಲಿ ಲೆಕ್ಕ ಕೊಟ್ಟಿತು. ಸಾವಿರಾರು ಜನರ ಮೈಯನ್ನು ಅಳೆದು ಕಂಡುಕೊಂಡ ಸತ್ಯವನ್ನು ಒಂದು ಮಧುರ ಕಂಠ ಅರ್ಧ ನಿಮಿಷದಲ್ಲಿ ಅಳಿಸಿಹಾಕಿತ್ತು.

ಹಾಗೆಂದು ಆರೋಗ್ಯದ ಪುಸ್ತಕಗಳೆಲ್ಲ ಹುಸಿ ಎಂಬುದು ಮಾಸ್ತರರ ಅಭಿಪ್ರಾಯವಲ್ಲ. ಡಾ. ಅನುಪಮಾ ನಿರಂಜನರು ಬಸುರಿ ಬಾಣಂತಿಯರಿಗಾಗಿ, ಎಳೆಯ ತಾಯಂದಿರಿಗಾಗಿ ಕನ್ನಡದಲ್ಲಿ ಬರೆದುದನ್ನು ಓದಿ ಎಷ್ಟೋ ಮನೆಗಳು ಬೆಳಕು ಕಂಡಿವೆ. 'ರಾಶಿ' ಎಂದೇ ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರ 'ಮನಮಂಥನ' ಮನಸ್ಸಿನ ಬೇನೆಗಳ ಕುರಿತಾದ ಭಯವನ್ನು ಬಿಡಿಸಿ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ ಪಡೆಯಿತು. ಅವರು ರೋಗಿಗಳನ್ನು ಕಂಡು ಬರೆದ ವೈದ್ಯರು. ರೋಗಿಯನ್ನು ನಿತ್ಯವೂ ನೋಡುವವನ ಬರಹದಲ್ಲಿ 'ಕೆಲವರಿಗೆ', 'ಸಾಮಾನ್ಯವಾಗಿ', 'ವೈದ್ಯರನ್ನು ಕೇಳಿ' ಎಂಬ ಮಾತುಗಳು ಬಂದೇ ಬರುತ್ತವೆ. ಮಾಸ್ತರರು ಕೇಳಿದ ಪುಸ್ತಕದಲ್ಲಿ ಇದ್ದುದು 'ಎಲ್ಲರಿಗೂ' ಮತ್ತು 'ಎಂದೆಂದಿಗೂ'.

*

ಎರಡನೆಯದು ಮನವೊಲಿಕೆಯ ಪುಸ್ತಕ. ತಾವು ಇಷ್ಟು ಸುಲಭವಾಗಿ ಮರುಳಾದುದು ಹೇಗೆಂಬ ನಾಚಿಕೆ ತುಂಬಿದ ಕುತೂಹಲವೇ ಅವರನ್ನು ಅದರ ಕಡೆಗೆ ಎಳೆಯಿತು.

ಮೊದಲು ಕೇಳಿದುದು ಡೇಲ್ ಕಾರ್ನೆಗಿಯ ಪುಸ್ತಕ. ಗೆಳೆಯರನ್ನು ಗಳಿಸುವುದು ಹೇಗೆಂಬುದನ್ನು ಹೇಳುವ, ೧೯೩೬ರಲ್ಲಿ ಪ್ರಕಟವಾದ, ಜಗತ್ತಿನ ಮೂಲೆಮೂಲೆಗೂ ಹೋದ ಪುಸ್ತಕವದು. ಎದುರಿನವನ ಹೆಸರನ್ನು ನೆನಪಿಟ್ಟುಕೊಂಡು ಕರೆಯಿರಿ, ನೀವು ಮಾತನಾಡುವುದಕ್ಕಿಂತ ಅವನ ಮಾತನ್ನು ಕೇಳಿರಿ, ತಪ್ಪು ನಿಮ್ಮದಾದರೆ ಕೂಡಲೇ ಒಪ್ಪಿಕೊಳ್ಳಿರಿ. ಇವನ್ನೆಲ್ಲ ಮಾಸ್ತರರು ಮೆಚ್ಚಿದರು; ಒಳ್ಳೆಯ ಉಪಾಧ್ಯಾಯನಿಗೆ ಇವು ಬೇಕಾದ ಗುಣಗಳೇ. ಆದರೆ ಒಂದು ಸಂಗತಿ ತಿಳಿದು ಅವರಿಗೆ ನಗು ಬಂದಿತು. ಗ್ರಂಥಕರ್ತನ ಮನೆತನದ ಹೆಸರಿನ ಅಕ್ಷರಗಳು ಮೂಲದಲ್ಲಿ ಬೇರೆಯೇ ಆಗಿದ್ದುವು. ಆತ ಅವನ್ನು ತಿದ್ದಿ, ಪ್ರಸಿದ್ಧ ಉಕ್ಕಿನ ಸಾಹುಕಾರ ಆಂಡ್ರೂ ಕಾರ್ನೆಗಿಯ ಹೆಸರಿನಂತೆಯೇ ಬರೆಯತೊಡಗಿದ. ಪುಸ್ತಕ ತೆರೆಯುವ ಮೊದಲೇ, ಹೊದಿಕೆಯ ಮೇಲೆಯೇ ಮನವೊಲಿಕೆ ಆರಂಭವಾಗಿತ್ತು!

ಅದಕ್ಕಿಂತ ಹೆಚ್ಚು ಉಪಕಾರ ಮಾಡಿದುದು ರಾಬರ್ಟ್ ಚಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞ ೧೯೮೪ರಲ್ಲಿ ಪ್ರಕಟಿಸಿದ ಗ್ರಂಥ. ಈತ ವರ್ಷಗಟ್ಟಲೆ ಮಾರಾಟಗಾರರ, ಚಂದಾ ಎತ್ತುವವರ, ಜಾಹೀರಾತಿನವರ ನಡುವೆ ತಾನೂ ಒಬ್ಬನಾಗಿ ಬೆರೆತು, ಅವರ ವಿದ್ಯೆಯನ್ನು ಒಳಗಿನಿಂದ ಕಂಡವನು. ಜನರನ್ನು ಒಲಿಸುವ ದಾರಿಗಳನ್ನು ಆತ ಆರಾಗಿ ವಿಂಗಡಿಸಿದ. ಮೊದಲು ಏನನ್ನಾದರೂ ಕೊಟ್ಟು ಋಣದಲ್ಲಿ ಕೆಡವುವುದು, ಸಣ್ಣದೊಂದಕ್ಕೆ ಒಪ್ಪಿಸಿ, ಅದೇ ಒಪ್ಪಿಗೆಯ ಹಗ್ಗದಿಂದ ದೊಡ್ಡದಕ್ಕೆ ಎಳೆಯುವುದು, ನಾಲ್ಕು ಜನ ಮಾಡುತ್ತಿದ್ದಾರೆಂದು ತೋರಿಸುವುದು, ಪ್ರೀತಿಗೆ ಪಾತ್ರನಾಗುವುದು, ಅಧಿಕಾರದ ಅಂಗಿ ತೊಡುವುದು, ಇಂದು ಬಿಟ್ಟರೆ ನಾಳೆ ಸಿಕ್ಕದೆಂದು ಹೆದರಿಸುವುದು.

ಮಾಸ್ತರರು ಈ ಆರನ್ನು ಬೆರಳಿನ ಗೆಣ್ಣುಗಳಿಗೆ ಕಟ್ಟಿಕೊಂಡು, ಆ ಆರೋಗ್ಯದ ಪುಸ್ತಕವನ್ನು ಮತ್ತೊಮ್ಮೆ ಮೊದಲಿನಿಂದ ಕೇಳಿದರು. ಇದೊಂದು ಅಪೂರ್ವವಾದ ಓದು. ನಾಲ್ಕು ಉಪಯುಕ್ತವಾದ ಸಲಹೆಗಳನ್ನು ಪುಕ್ಕಟೆಯಾಗಿ ಕೊಟ್ಟುದು ಒಂದು ಗೆಣ್ಣು. 'ನಿಮ್ಮ ದೇಹವನ್ನು ನೀವು ಪ್ರೀತಿಸುತ್ತೀರಲ್ಲವೇ?' ಎಂದು ಕೇಳಿ ಹೌದೆನ್ನಿಸಿದುದು ಎರಡನೆಯ ಗೆಣ್ಣು. ಸಾವಿರಾರು ಜನ ಗುಣಹೊಂದಿದರೆಂದುದು ಮೂರನೆಯದು. ಅಣ್ಣನಂತಹ ಧ್ವನಿ ನಾಲ್ಕನೆಯದು. ಅರ್ಥವಾಗದ ವೈದ್ಯಕೀಯ ಶಬ್ದಗಳು ಐದನೆಯದು. ಇನ್ನೂ ತಡಮಾಡಿದರೆ ಕೈಮೀರಿ ಹೋದೀತೆಂಬ ಎಚ್ಚರಿಕೆ ಆರನೆಯದು. ಕಾರವಾರದ ರವಿವಾರದ ಸಂತೆಯಲ್ಲಿ ಬೇರು ನಾರು ಹರವಿಕೊಂಡು ಕೂಗುವವನಿಗೂ ಈ ವಿದ್ಯೆ ಗೊತ್ತು. ಆದರೆ ಅವನ ಸುತ್ತ ನಿಂತವರಲ್ಲಿ ಒಬ್ಬನಾದರೂ ನಕ್ಕು ಮುಂದೆ ಹೋಗುತ್ತಾನೆ. ಆ ನಗುವೇ ಉಳಿದವರಿಗೆ ಎಚ್ಚರ. ಕಿವಿಯೊಳಗಿನ ಸಂತೆಯಲ್ಲಿ ಕೇಳುವವನು ಒಬ್ಬನೇ.

ಹಾಗಾದರೆ ಒಲಿಸುವ ಮಾತೆಲ್ಲ ಮೋಸವೇ? ಈ ಪ್ರಶ್ನೆ ಮಾಸ್ತರರನ್ನು ಕೆಲವು ದಿನ ಕಾಡಿತು. ಉತ್ತರ ಹೊಳೆದುದು ನೆರೆಯ ಅಂಕೋಲೆಯನ್ನು ನೆನೆದಾಗ. ೧೯೩೦ರ ಏಪ್ರಿಲ್ ೧೩ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಮುಂದೆ ಕರನಿರಾಕರಣೆಯ ಕಾಲದಲ್ಲಿ ಆ ತಾಲೂಕಿನ ರೈತರು ಮನೆಮಾರು, ಹೊಲಗದ್ದೆಗಳ ಜಪ್ತಿಯನ್ನು ಸಹಿಸಿದರು; ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದುದು ಹಾಗೆ. ಅಕ್ಷರ ತಿಳಿಯದ ರೈತನನ್ನು ಇಷ್ಟು ದೊಡ್ಡ ನಷ್ಟಕ್ಕೆ ಒಪ್ಪಿಸಿದ ಮನವೊಲಿಕೆ ಯಾವುದು? ಅಲ್ಲಿಯೂ ಭಾಷಣಗಳಿದ್ದುವು, ಹಾಡುಗಳಿದ್ದುವು, ನಾಲ್ಕು ಜನರ ನಿದರ್ಶನವೂ ಇತ್ತು. ಆದರೆ ಕರೆ ಕೊಟ್ಟವನು ಮೊದಲು ತಾನು ಸೆರೆಮನೆಗೆ ಹೋದ. ಮಾತು ಹುಸಿಯಾದರೆ ನಷ್ಟ ಕೇಳುವವನಿಗಷ್ಟೇ ಅಲ್ಲ, ಹೇಳಿದವನಿಗೂ ಇತ್ತು. ಆರೋಗ್ಯದ ಪುಸ್ತಕದ ಮಧುರ ಕಂಠ ಮಾಸ್ತರರ ಬಾವಿಕಟ್ಟೆಯ ಬಳಿ ಬಂದು ಕುಳಿತಿರಲಿಲ್ಲ.

*

ಮೂರನೆಯದು ಬೇಟೆಯ ಪುಸ್ತಕ. ಅದನ್ನು ಆರಿಸಿದುದು ಮಾಸ್ತರರಲ್ಲ, ಮೊಮ್ಮಗಳು. "ಅಜ್ಜಾ, ಉಪದೇಶ ಕೇಳಿದ್ದು ಸಾಕು" ಎಂದು ಫೋನಿನಲ್ಲಿಯೇ ಹೇಳಿ, ಜಿಮ್ ಕಾರ್ಬೆಟ್ಟನ ಕುಮಾಊಂ ನರಭಕ್ಷಕಗಳ ಪುಸ್ತಕವನ್ನು ಹಾಕಿಕೊಟ್ಟಳು. ೧೯೪೪ರಲ್ಲಿ ಪ್ರಕಟವಾದ ಅದನ್ನು ಮಾಸ್ತರರು ತಾರುಣ್ಯದಲ್ಲಿ ಓದಿದ್ದರು. ಕಿವಿಯಿಂದ ಕೇಳಿದಾಗ ಅದು ಬೇರೆಯೇ ಪುಸ್ತಕವಾಯಿತು.

ಅದಕ್ಕೆ ಕಾರಣವೂ ಇದೆ. ಕಾರ್ಬೆಟ್ಟನ ವಿದ್ಯೆಯಲ್ಲಿ ಕಣ್ಣಿನಷ್ಟೇ ಪಾಲು ಕಿವಿಯದು. ಮುಸುವವು ಮರದ ತುದಿಯಿಂದ ಕೆಮ್ಮಿದುದು, ಕಾಡುಕುರಿ ಬೊಗಳಿದುದು, ಸಾರಂಗ ಒಮ್ಮೆ ಕೂಗಿ ಸುಮ್ಮನಾದುದು, ಇವುಗಳಿಂದ ಆತ ಹುಲಿ ಯಾವ ದಿಕ್ಕಿಗೆ ಸಾಗುತ್ತಿದೆಯೆಂದು ಲೆಕ್ಕ ಹಾಕುತ್ತಾನೆ. ಕತ್ತಲಲ್ಲಿ, ಕಣ್ಣು ಸಾಗದ ಕಡೆಯಲ್ಲಿ, ಕೇಳಿಕೊಂಡೇ ಜೀವ ಉಳಿಸಿಕೊಂಡ ಮನುಷ್ಯನ ಕಥೆಯನ್ನು ಕಣ್ಣು ಮಂಜಾದ ಮನುಷ್ಯ ಜಗಲಿಯ ಕತ್ತಲಲ್ಲಿ ಕೇಳುತ್ತ ಕುಳಿತಾಗ, ತೆಂಗಿನ ಗರಿ ಅಲುಗಿದರೂ ಮೈ ಜುಮ್ಮೆನ್ನುವುದು ಸಹಜ.

ಮಾಸ್ತರರನ್ನು ಹಿಡಿದು ನಿಲ್ಲಿಸಿದುದು ರೋಮಾಂಚವಲ್ಲ, ಆ ಬರಹದ ಪ್ರಾಮಾಣಿಕತೆ. ಚಂಪಾವತದ ಹೆಣ್ಣು ಹುಲಿ ನೇಪಾಳದಲ್ಲಿಯೂ ಭಾರತದಲ್ಲಿಯೂ ಒಟ್ಟು ೪೩೬ ಜನರನ್ನು ಕೊಂದಿತ್ತೆಂದು ಕಾರ್ಬೆಟ್ ಬರೆಯುತ್ತಾನೆ. ೧೯೦೭ರಲ್ಲಿ ಅದನ್ನು ಕೊಂದ ಮೇಲೆ ಆತ ಕಥೆಯನ್ನು ಅಲ್ಲಿಗೇ ಮುಗಿಸುವುದಿಲ್ಲ. ಅದರ ಬಾಯಿ ತೆರೆದು ನೋಡುತ್ತಾನೆ. ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧ ಮುರಿದಿತ್ತು, ಕೆಳಗಿನದು ಬುಡದವರೆಗೂ ಹೋಗಿತ್ತು. ಯಾರದೋ ಗುಂಡಿನ ಹಳೆಯ ಗಾಯವದು. ಸಹಜವಾದ ಬೇಟೆಯನ್ನು ಕೊಲ್ಲಲಾರದೆ ಅದು ಮನುಷ್ಯನ ಕಡೆಗೆ ತಿರುಗಿತ್ತು. ಮುಕ್ತೇಸರದ ಹುಲಿಗೆ ಮುಳ್ಳುಹಂದಿಯೊಡನೆ ಕಾದಾಡಿ ಒಂದು ಕಣ್ಣು ಹೋಗಿತ್ತು. ಮುಂಗಾಲಿನಲ್ಲಿ ಐವತ್ತರಷ್ಟು ಮುಳ್ಳುಗಳು ನೆಟ್ಟಿದ್ದುವು. ಎಲ್ಲಿಯೂ 'ಹುಲಿ ಕ್ರೂರ ಮೃಗ' ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದಿಲ್ಲ. ಪ್ರತಿಯೊಂದರ ಮೈಯನ್ನೂ ಪರೀಕ್ಷಿಸಿ ಕಾರಣ ಹುಡುಕುತ್ತಾನೆ. ತಾನು ದಿಕ್ಕು ತಪ್ಪಿದ ರಾತ್ರಿಗಳನ್ನು, ಹೆದರಿದ ಗಳಿಗೆಗಳನ್ನು ಮರೆಮಾಚುವುದಿಲ್ಲ. ಮೋಹನ್ ಎಂಬಲ್ಲಿಯ ನರಭಕ್ಷಕವನ್ನು ಅದು ನಿದ್ರಿಸುತ್ತಿದ್ದಾಗಲೇ ಕೊಂದುದನ್ನು ಹೇಳಿ, ಅದರ ವಿಷಾದವನ್ನೂ ಬಚ್ಚಿಡದೆ ಹೇಳುತ್ತಾನೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕೇ? ಬೇಟೆಗಾರ ಹೆಜ್ಜೆಗುರುತನ್ನು ತಪ್ಪಾಗಿ ಓದಿದರೆ ನಷ್ಟ ಬೇರೊಬ್ಬನಿಗಲ್ಲ. ಅದೇ ರಾತ್ರಿ ಅವನ ಜೀವಕ್ಕೇ. ಆದುದರಿಂದ ಅವನ ಮಾತಿನಲ್ಲಿ 'ಇರಬಹುದು' ಎಂಬುದಕ್ಕೂ 'ಇದೆ' ಎಂಬುದಕ್ಕೂ ಸ್ಪಷ್ಟವಾದ ಅಂತರವಿದೆ. ಆರೋಗ್ಯದ ಪುಸ್ತಕದಿಂದ ಕಲಿಯಬೇಕಾಗಿದ್ದ ಎಚ್ಚರವನ್ನು ಮಾಸ್ತರರು ಬೇಟೆಯ ಪುಸ್ತಕದಿಂದ ಕಲಿತರು.

ಆದರೂ ಅವರು ಅದನ್ನು ಪೂರ್ತಿಯಾಗಿ ಕೊಂಡಾಡಲಿಲ್ಲ. ಆ ಕಾಲದ ಆಳುವವರಿಗೆ ಬೇಟೆ ಒಂದು ವಿನೋದ. ನರಭಕ್ಷಕವಲ್ಲದ ಹುಲಿಗಳೂ ಲೆಕ್ಕವಿಲ್ಲದೆ ಸತ್ತುವು. ಕಾರ್ಬೆಟ್ಟನೇ ಮುಂದೆ ಬಂದೂಕಿಗಿಂತ ಕ್ಯಾಮೆರಾವನ್ನು ಹೆಚ್ಚು ಮೆಚ್ಚಿದ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಕಥೆ ಹಳೆಯ ನೆನಪಾಗಿ ಉಳಿಯಿತು. ಕೋಡಿಬಾಗದ ಜಗಲಿಗೆ ಕಾಣುವ ಕಾಳಿ ಜೋಯಿಡಾದ ಕಾಡಿನ ಡಿಗ್ಗಿಯ ಬಳಿ ಹುಟ್ಟಿ ಸುಮಾರು ೧೮೪ ಕಿಲೋಮೀಟರು ಹರಿದು ಬರುವ ನದಿ. ಅದರ ದಾರಿಯ ಕಾಡುಗಳಲ್ಲಿ ೧೯೫೬ರಲ್ಲಿ ದಾಂಡೇಲಿ ಅಭಯಾರಣ್ಯವೂ ೧೯೮೭ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವೂ ಆಗಿ, ೨೦೦೭ರಲ್ಲಿ ಎರಡೂ ಕೂಡಿ ಹುಲಿ ಸಂರಕ್ಷಿತ ಪ್ರದೇಶವಾಗಿ, ೨೦೧೫ರಲ್ಲಿ ಅದಕ್ಕೆ ಕಾಳಿಯ ಹೆಸರೇ ಬಂದಿತು. ಹುಲಿ ನೀರು ಕುಡಿದ ಹೊಳೆಯೇ ಇಲ್ಲಿ ಮೀನುದೋಣಿಗಳನ್ನು ತೇಲಿಸುತ್ತದೆ. ಬೇಟೆಯ ಪುಸ್ತಕವನ್ನು ಇಂದು ಕೇಳಬೇಕಾದುದು ಕೊಲ್ಲುವುದನ್ನು ಕಲಿಯಲೆಂದಲ್ಲ, ಕಾಡನ್ನು ಗಮನಿಸುವುದನ್ನು ಕಲಿಯಲೆಂದು ಎಂಬುದು ಅವರ ಅಭಿಮತ.

*

ಕಳೆದ ಆಗಸ್ಟಿನಲ್ಲಿ ಈ ಮೂರೂ ಪಾಠಗಳಿ ಒಂದೇ ಸಂಜೆ ಪರೀಕ್ಷೆಗೆ ಬಂದುವು. ಮಳೆಗಾಲದ ಮೀನುಗಾರಿಕೆಯ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿದಿದ್ದುವು. ನೆರೆಮನೆಯ ತಾಂಡೇಲ ಚಹಾದ ಹೊತ್ತಿಗೆ ಬಂದು ಜಗಲಿಯಲ್ಲಿ ಕುಳಿತ. ಅವನಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಅವನೂ ಫೋನಿನಲ್ಲಿ ಏನನ್ನೋ ಕೇಳಿದ್ದ. ಒಂದು ಕಷಾಯವಂತೆ, ನಲವತ್ತು ದಿನ ಕುಡಿದರೆ ಗುಳಿಗೆಗಳನ್ನು ಸಮುದ್ರಕ್ಕೆ ಎಸೆಯಬಹುದಂತೆ. "ಮಾಸ್ತರೇ, ಎಷ್ಟು ಚೆಂದ ಹೇಳುತ್ತಾರೆ ಗೊತ್ತೇ! ನನಗಂತೂ ನಂಬಿಕೆ ಬಂದುಬಿಟ್ಟಿತು" ಎಂದ. ಮರುದಿನದಿಂದ ಗುಳಿಗೆ ಬಿಡುವವನಿದ್ದ. ದೋಣಿಯಲ್ಲಿ ಅವನನ್ನು ನಂಬಿ ಹೋಗುವವರು ಹತ್ತು ಜನ. ತಾಂಡೇಲನಿಗೆ ನಡುಗಡಲಲ್ಲಿ ಕಣ್ಣು ಕತ್ತಲೆಗೂಡಿದರೆ ಆ ಹತ್ತು ಜನರ ಗತಿ ಏನು?

ಮಾಸ್ತರರು ವಾದಕ್ಕೆ ಇಳಿಯಲಿಲ್ಲ. ವಾದಿಸಿ ಗೆದ್ದವನಿಗೆ ಗೆಲುವಷ್ಟೇ ದಕ್ಕುವುದೆಂಬುದನ್ನು ಅವರು ಕಾರ್ನೆಗಿಯಿಂದಲೂ, ಅದಕ್ಕಿಂತ ಮೊದಲು ತಾಳಮದ್ದಳೆಯಿಂದಲೂ ಬಲ್ಲರು. ಬಾವಿಕಟ್ಟೆಯ ಕಥೆಯನ್ನು, ಅಂದಿನವರೆಗೆ ನಾಚಿಕೆಯಿಂದ ಯಾರಿಗೂ ಹೇಳದಿದ್ದುದನ್ನು, ಮೊದಲಿನಿಂದ ಕೊನೆಯವರೆಗೆ ಅವನಿಗೆ ಹೇಳಿದರು. ಇಂಗ್ಲಿಷ್ ಬಲ್ಲ, ನೂರಾರು ಪುಸ್ತಕ ಓದಿದ, ಊರಿಗೆ ಬುದ್ಧಿ ಹೇಳಿದ ಮನುಷ್ಯ ಒಂದು ಇಂಪಾದ ಕಂಠಕ್ಕೆ ಮರುಳಾಗಿ ತಲೆ ತಿರುಗಿ ಬಿದ್ದ ಕಥೆ. ತಾಂಡೇಲ ಮೊದಲು ನಕ್ಕ; ಆಮೇಲೆ ಸುಮ್ಮನಾದ. ಆಗ ಮಾಸ್ತರರು ಮೂರು ಪ್ರಶ್ನೆಗಳನ್ನು ಅವನ ಮುಂದಿಟ್ಟರು. ಹೇಳಿದವನು ತನ್ನ ತಪ್ಪನ್ನು ಎಲ್ಲಿಯಾದರೂ ಒಪ್ಪಿಕೊಂಡಿದ್ದಾನೆಯೇ? ನಿಜವೋ ಸುಳ್ಳೋ ಎಂದು ಅಳೆದು ನೋಡುವ ದಾರಿಯನ್ನು ತೋರಿಸಿದ್ದಾನೆಯೇ? ಮಾತು ಹುಸಿಯಾದರೆ ನಷ್ಟ ಅವನಿಗೂ ಉಂಟೇ, ಇಲ್ಲ ನಿನಗೊಬ್ಬನಿಗೇ?

ತಾಂಡೇಲ ಬಹಳ ಹೊತ್ತು ನದಿಯನ್ನು ನೋಡುತ್ತ ಕುಳಿತ. "ಸೋನಾರು ಯಂತ್ರ ಮಾರುವವನಿಗೆ ನಾನು ಇದನ್ನೇ ಕೇಳುತ್ತೇನೆ, ಮಾಸ್ತರೇ. ಮೈಯ ವಿಷಯಕ್ಕೆ ಕೇಳಲಿಲ್ಲ" ಎಂದ. ಮರುದಿನ ಇಬ್ಬರೂ ಕೂಡಿ ಡಾಕ್ಟರರ ಬಳಿಗೆ ಹೋದರು. ರಕ್ತಪರೀಕ್ಷೆಯಾಯಿತು. ಕಷಾಯದಲ್ಲಿ ಏನೇನಿದೆಯೆಂದು ಡಾಕ್ಟರರು ಕೇಳಿ ತಿಳಿದುಕೊಂಡು, ಗುಳಿಗೆಯನ್ನು ಮಾತ್ರ ಬಿಡಕೂಡದೆಂದು ಹೇಳಿ, ತಿಂಗಳು ಬಿಟ್ಟು ಮತ್ತೆ ರಕ್ತಪರೀಕ್ಷೆಗೆ ಬರಲು ಹೇಳಿದರು. ತಾಂಡೇಲ ಕಷಾಯವನ್ನೂ ಬಿಟ್ಟಿಲ್ಲ, ಗುಳಿಗೆಯನ್ನೂ ಬಿಟ್ಟಿಲ್ಲ. ಅಷ್ಟಕ್ಕೆ ಮಾಸ್ತರರು ತೃಪ್ತರು.

ಕನ್ನಡದಲ್ಲಿ ಕೇಳುಪುಸ್ತಕಗಳು ಈಚಿನ ವರ್ಷಗಳಲ್ಲಿ ಬರತೊಡಗಿವೆ. ಆದರೆ ಕಥೆ ಕಾದಂಬರಿಗಳ ಜೊತೆಗೆ ವಿಷಯವುಳ್ಳ ಪುಸ್ತಕಗಳೂ ಅಷ್ಟೇ ಧಾರಾಳವಾಗಿ ಬರಬೇಕೆಂಬುದು ಅವರ ಹಂಬಲ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳು, ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ಅವರ ಕಪಾಟಿನಲ್ಲಿ ಅಚ್ಚಿನ ಪ್ರತಿಗಳಾಗಿಯೇ ಕುಳಿತಿವೆ. ಅಚ್ಚನ್ನು ಓದಲಾರದವರ ಬಳಕೆಗಾಗಿ ಪುಸ್ತಕವನ್ನು ಧ್ವನಿಯಾಗಿಸಲು ಕೃತಿಸ್ವಾಮ್ಯದ ಕಾಯಿದೆಯೇ ೨೦೧೨ರ ತಿದ್ದುಪಡಿಯಿಂದ ಅನುಮತಿ ಕೊಟ್ಟಿದೆ. ಇದನ್ನು ತಿಳಿದ ಮೊಮ್ಮಗಳು ಈಗ ಊರಿಗೆ ಬಂದಾಗಲೆಲ್ಲ ತೇಜಸ್ವಿಯವರ 'ರುದ್ರಪ್ರಯಾಗದ ಭಯಾನಕ ನರಭಕ್ಷಕ'ವನ್ನು ಅಜ್ಜನಿಗಾಗಿ ಓದಿ ಫೋನಿನಲ್ಲಿ ಹಿಡಿದಿಡುತ್ತಿದ್ದಾಳೆ. ಎಂಟು ವರ್ಷ ಒಂದು ಪ್ರಾಂತವನ್ನೇ ನಡುಗಿಸಿ, ೧೨೫ ಜನರನ್ನು ಕೊಂದು, ೧೯೨೬ರಲ್ಲಿ ಕಾರ್ಬೆಟ್ಟನ ಗುಂಡಿಗೆ ಬಲಿಯಾದ ಚಿರತೆಯ ಕಥೆ ಹೀಗೆ ಕನ್ನಡದಲ್ಲಿ ಕೋಡಿಬಾಗದ ಜಗಲಿಗೆ ಇಳಿಯುತ್ತಿದೆ.

ಅವಳ ಓದಿನಲ್ಲಿ ನಟರ ನಯಗಾರಿಕೆಯಿಲ್ಲ. ನಡುನಡುವೆ ಕೆಮ್ಮು, ಹೊರಗಿನ ಕಾಗೆಯ ಕೂಗು, ಅಡಿಗೆಮನೆಯ ಸದ್ದು. ಒಮ್ಮೊಮ್ಮೆ ಸಾಲು ತಪ್ಪಿದಾಗ, "ಅಜ್ಜಾ, ತಪ್ಪಾಯಿತು, ಮತ್ತೊಮ್ಮೆ ಓದುತ್ತೇನೆ" ಎಂದು ಹೇಳಿ ಮೊದಲಿನಿಂದ ಓದುತ್ತಾಳೆ. ಆ ತುಣುಕುಗಳನ್ನು ಅಳಿಸಿಬಿಡುತ್ತೇನೆಂದು ಅವಳು ಎಷ್ಟು ಹೇಳಿದರೂ ಮಾಸ್ತರರು ಒಪ್ಪಿಲ್ಲ.